ಕೊನೆಯ ಸರದಿಯ ಹಿಟ್ಟು

ಶಿಗ್ಗಾಂವದ ಹಳೆಯ ಪೇಟೆಯ ಓಣಿಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಹೆದ್ದಾರಿಯ ಕಡೆಯಿಂದ ಲಾರಿಗಳ ಸದ್ದು ಬಿಟ್ಟು ಬಿಟ್ಟು ಕೇಳುತ್ತಿದೆ. ಮಂಜವ್ವ ಗಿರಣಿಯ ಬಾಗಿಲು ತೆರೆದು, ತಲೆಗೆ ಹಳೆಯ ಟವೆಲ್ಲೊಂದನ್ನು ಬಿಗಿಯಾಗಿ ಸುತ್ತಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಬೀಸುವ ಕಲ್ಲುಗಳ ಸಂದಿಯಲ್ಲಿ ಕುಳಿತ ನಿನ್ನೆಯ ಹಿಟ್ಟನ್ನು ಮೋಟು ಕಸಬರಿಗೆಯಿಂದ ಕೆದರಿ ತೆಗೆದು, ಬಟ್ಟೆಯಿಂದ ಒರೆಸಿ, ಮತ್ತೊಮ್ಮೆ ಬೆರಳಾಡಿಸಿ ನೋಡುತ್ತಾರೆ. ಆಮೇಲೆ ಸ್ವಿಚ್ಚು. ಬೆಲ್ಟು ಪಟಪಟ ಬಡಿದು ಓಟಕ್ಕೆ ಬೀಳುತ್ತದೆ.

ಕಟ್ಟೆಯ ಮೇಲೆ ಆಗಲೇ ಸಾಲು ಹತ್ತಿದೆ. ಸ್ಟೀಲಿನ ಡಬ್ಬಿ, ಪೇಂಟಿನ ಬಕೀಟು, ಬಾಯಿಗೆ ದಾರ ಸುತ್ತಿದ ಪ್ಲಾಸ್ಟಿಕ್ ಚೀಲ. ಕೆಲವರು ಡಬ್ಬಿ ಇಟ್ಟು ಹಾಲು ತರಲು ಹೋಗಿದ್ದಾರೆ, ಕೆಲವರು ಶಾಲು ಹೊದ್ದು ಅಲ್ಲೇ ಕೂತಿದ್ದಾರೆ. ಆದರೆ ಗಿರಣಿಯ ಬಾಯಿಗೆ ಮೊದಲು ಸುರಿಯುವುದು ಈ ಯಾವುದನ್ನೂ ಅಲ್ಲ. ಮಂಜವ್ವ ಮನೆಯಿಂದ ಕಂಕುಳಲ್ಲಿ ಇಟ್ಟುಕೊಂಡು ಬಂದ ಸಣ್ಣ ಡಬ್ಬಿಯೊಂದಿದೆ. ಅದರಲ್ಲಿರುವುದು ನವಣೆ, ಒಂದಿಷ್ಟು ಬಿಳಿಜೋಳ, ಒಂದು ಚಿಟಿಕೆ ಮೆಂತೆ. ಸಾಲಿನಲ್ಲಿ ಕೂತ ಹೊಸಬರೊಬ್ಬರು, ನಾವು ಮೊದಲು ಬಂದವರಲ್ಲವೇ ಎಂದು ಮುಖ ಸಣ್ಣ ಮಾಡಿದರೆ ಮಂಜವ್ವ ಕೈ ನಿಲ್ಲಿಸದೆ ಹೇಳುತ್ತಾರೆ:

“ಇದೊಂದು ಡಬ್ಬಿ ನಮ್ಮದ್ರಿ ಅಕ್ಕಾರ. ಇದಾದ ಮ್ಯಾಲೆ ನಿಮ್ಮದ. ಚೂರು ತಡೀರಿ.”

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅವರ ಯಜಮಾನರು ಗುತ್ತೆಪ್ಪ ಕೂತಿದ್ದಾರೆ. ಬಿಳಿ ಪಟ್ಟಿ ಸುತ್ತಿದ ಎಡಗಾಲು ಮಡಚಿದ ಗೋಣಿಚೀಲದ ಮೇಲಿದೆ. ಕಣ್ಣು ಮುಚ್ಚಿ ಕಲ್ಲಿನ ಸದ್ದು ಕೇಳುತ್ತಾರೆ. ಈ ಗಿರಣಿಯನ್ನು ಬಹಳ ವರ್ಷ ನಡೆಸಿದವರು ಅವರೇ. ಊರಿನ ಉಳಿದ ಗಿರಣಿಗಳಲ್ಲಿ ನಡೆಸುವವರ ಡಬ್ಬಿ ಕೊನೆಗೆ ಬೀಸುವುದು ರೂಢಿ. ಇಲ್ಲಿ ಮಾತ್ರ ಮೊದಲು. ಈ ಸಣ್ಣ ತಿರುವುಮುರುವಿಗೆ ಒಂದು ಜೀವಮಾನ ಹಿಡಿದಿದೆ.

ಮಂಜವ್ವನ ತವರು ಹಿರೇಕೆರೂರು ತಾಲೂಕಿನ ಮಾಸೂರು. ಮದಗದ ಕೆರೆಯ ನೀರು ಹರಿಯುವ ಗದ್ದೆಗಳಲ್ಲಿ ಅವರ ಕೇರಿಯ ಹೆಂಗಸರೆಲ್ಲ ನಾಟಿ ಹಚ್ಚುತ್ತಿದ್ದರು. ಭತ್ತ ನೆಟ್ಟ ಕೈಗಳಿಗೆ ಅಕ್ಕಿ ಸಿಗುತ್ತಿದ್ದುದು ಹಬ್ಬಕ್ಕೊಮ್ಮೆ. ಕೂಲಿ ಎಂದು ಬರುತ್ತಿದ್ದುದು ನವಣೆ, ಸಾವೆ, ಒಮ್ಮೊಮ್ಮೆ ಹುಳ ಹಿಡಿದ ಜೋಳ. ಅವರ ತಾಯಿ ಶಾರವ್ವ ಅದನ್ನೇ ಕುಟ್ಟಿ, ಮೊರದಲ್ಲಿ ಕೇರಿ, ಬುಟ್ಟಿಗೆ ತುಂಬಿ, ವಾರಕ್ಕೊಮ್ಮೆ ಗಿರಣಿಗೆ ಹೊರುತ್ತಿದ್ದರು. ಸೆರಗು ಹಿಡಿದು ಬೆನ್ನಿಗೆ ಮಂಜವ್ವ.

“ಗಿರಣಿ ಕಟ್ಟಿ ಮ್ಯಾಲೆ ನಮ್ಮ ಬುಟ್ಟಿ ಇಡೂಹಂಗಿರಲಿಲ್ರಿ. ಬೇವಿನ ಗಿಡದ ಬುಡಕ್ಕ ಕುಂದ್ರತಿದ್ವಿ. ಮುಂಜಾನೆ ಹೋದವ್ರು ನಾವು, ನಮ್ಮ ಹಿಂದ ಬಂದವ್ರೆಲ್ಲಾ ಬೀಸಿಸ್ಕೊಂಡು ಹೋಗ್ತಿದ್ರು. ಎಲ್ಲಾ ಮುಗದ ಮ್ಯಾಲೆ ಗಿರಣಿಯಾಂವ ಒಳಗಿಂದ ಕೂಗತಿದ್ದ. ‘ಎಲ್ಲಾರದೂ ಆತು, ಇನ್ನ ನಿಂದು ತಾ’ ಅಂತ. ನಮ್ಮವ್ವ ಅವನ ತಾಯಿ ವಯಸ್ಸಿನಾಕಿ. ಆದ್ರೂ ‘ತಾ’.”

ಇದನ್ನು ಹೇಳುವಾಗ ಮಂಜವ್ವನ ದನಿಯಲ್ಲಿ ಸಿಟ್ಟಿದೆಯೇ ಎಂದು ಹುಡುಕಿದರೆ ಸಿಗುವುದು ಬೇರೆಯೇ. ಅವರು ನಗುತ್ತಾರೆ. ಬಾಯಲ್ಲಿ ಏನೋ ರುಚಿ ಬಂದವರಂತೆ ಒಮ್ಮೆ ತುಟಿ ಸವರಿಕೊಳ್ಳುತ್ತಾರೆ.

“ಆದ್ರ ಒಂದು ಹೇಳ್ತೇನಿ ಕೇಳ್ರಿ. ಕೊನೀ ಸರದಿ ಹಿಟ್ಟಿನ ರುಚಿ ಬ್ಯಾರೇನ ಇತ್ತು. ಕಲ್ಲಿನ್ಯಾಗ ಎಲ್ಲಾರ ಹಿಟ್ಟೂ ಒಂದೀಟೀಟು ಉಳಿದಿರ್ತಿತ್ತಲ್ಲ, ಅದೆಲ್ಲಾ ನಮ್ಮ ಬುಟ್ಟಿಗೇ ಬೀಳ್ತಿತ್ತು. ಯಾರ್ದೋ ಮನಿ ಗೋಧಿ, ಯಾರ್ದೋ ಮನಿ ಕಡ್ಲಿಬ್ಯಾಳಿ. ರೊಟ್ಟಿ ಬಾಯಾಗಿಟ್ರ ಊರಾಗ ಯಾರ ಮನ್ಯಾಗ ಹಬ್ಬ ಐತಿ ಅಂತ ತಿಳೀತಿತ್ತು. ಒಮ್ಮೊಮ್ಮೆ ಮೆಣಸಿನಕಾಯಿ ಬೀಸಿರ್ತಿದ್ರು. ಅವತ್ತು ಇಡೀ ಕೇರಿ ಸೀನತಿತ್ತು.”

ಗೋಧಿಯ ಆ ತೆಳ್ಳನೆಯ ವಾಸನೆಗಾಗಿ ಅಕ್ಕತಂಗಿಯರು ರೊಟ್ಟಿಯ ಅಂಚು ಮುರಿದು ಮೂಸುತ್ತಿದ್ದರಂತೆ. ಅವಮಾನದ ಸರದಿ, ಹಬ್ಬದ ರುಚಿ, ಎರಡೂ ಒಂದೇ ಬುಟ್ಟಿಯಲ್ಲಿ ಮನೆಗೆ ಬರುತ್ತಿದ್ದವು. ಬೇರೆ ಬೇರೆ ಮಾಡಲು ಇವತ್ತಿಗೂ ಅವರಿಗೆ ಬರುವುದಿಲ್ಲ, ಮಾಡಬೇಕು ಎಂದೂ ಅನಿಸಿಲ್ಲ.

ಮದುವೆಯಾಗಿ ಬಂದದ್ದು ಶಿಗ್ಗಾಂವ ತಾಲೂಕಿನ ತಡಸಕ್ಕೆ. ಗುತ್ತೆಪ್ಪನವರ ತಂದೆ ಅಲ್ಲಿ ಸಾಹುಕಾರ ಕರಬಸಪ್ಪನವರ ಮನೆತನದ ಹೊಲದಲ್ಲಿ ದುಡಿಯುತ್ತಿದ್ದವರು. ಅಲ್ಲಿಯೂ ಕೂಲಿ ನವಣೆಯೇ, ಸರದಿ ಕೊನೆಯದೇ. ಗುತ್ತೆಪ್ಪ ಮಾತ್ರ ಹೊಲದ ಕೆಲಸಕ್ಕೆ ನಿಲ್ಲದೆ ಹರೆಯದಲ್ಲೇ ಹಾನಗಲ್ಲಿನ ಅಕ್ಕಿ ಗಿರಣಿಯೊಂದಕ್ಕೆ ಹಮಾಲಿಗೆ ಹೋದರು. ಅಲ್ಲಿ ಮಧ್ಯಾಹ್ನದ ಹೊತ್ತು ಹಮಾಲರಿಗೆ ನುಚ್ಚಕ್ಕಿಯ ಅನ್ನ ಬೇಯಿಸಿ ಹಾಕುತ್ತಿದ್ದರು. ಬೇಕಾದಷ್ಟು.

“ಸಾರು ಇಲ್ಲ, ಏನಿಲ್ಲ. ಉಪ್ಪು, ಹಸಿಮೆಣಸಿನಕಾಯಿ. ಅನ್ನ ಮಾತ್ರ ಗುಡ್ಡಿ ಗುಡ್ಡಿ,” ಎನ್ನುತ್ತಾರೆ ಗುತ್ತೆಪ್ಪ. “ಅವತ್ತ ಆಣಿ ಮಾಡಿದ್ನಿ. ಇನ್ನ ನನ್ನ ಗಂಗಾಳದಾಗ ನವಣಿ ಬೀಳಬಾರ್ದು ಅಂತ.”

ಶಿಗ್ಗಾಂವದ ಈ ಗಿರಣಿ ಸವಣೂರಿನ ಮುಮ್ತಾಜಬೇಗಂ ಅವರದು. ಅವರ ಯಜಮಾನರು ಇದನ್ನು ಶುರು ಮಾಡಿದಾಗಲೇ ಒಂದು ಕಟ್ಟಳೆ ಹಾಕಿದ್ದರು: ಬಂದವರದು ಬಂದಂತೆ. ಸಾಹುಕಾರರಿರಲಿ, ಸೊಪ್ಪು ಮಾರುವವರಿರಲಿ, ಡಬ್ಬಿ ಯಾವುದು ಮೊದಲೋ ಬೀಸುವುದು ಅದನ್ನೇ. ಗುತ್ತೆಪ್ಪ ಹಾನಗಲ್ಲು ಬಿಟ್ಟು ಇಲ್ಲಿಗೆ ಬಂದು ನಿಂತದ್ದೇ ಆ ಕಟ್ಟಳೆಗಾಗಿ. ಮುಮ್ತಾಜಬೇಗಂ ಈಗಲೂ ಆಗಾಗ ಸವಣೂರಿನಿಂದ ಎಲೆ ಅಡಿಕೆ ಕಟ್ಟಿಕೊಂಡು ಬರುತ್ತಾರೆ. ಬಂದರೆ ಲೆಕ್ಕಕ್ಕಿಂತ ಮಾತೇ ಹೆಚ್ಚು. ಮಂಜವ್ವನ ಮಡಿಲಿಗೆ ನಾಲ್ಕು ಎಲೆ ಹಾಕಿ, “ಕಲ್ಲು ನಿನ್ನ ಮಾತು ಕೇಳ್ತಾವ ನೋಡವ್ವ, ನನ್ನ ಮಕ್ಕಳು ನನ್ನ ಮಾತು ಕೇಳೂದಿಲ್ಲ,” ಎಂದು ನಕ್ಕು ಹೋಗುತ್ತಾರೆ.

ಗಿರಣಿಯಲ್ಲಿ ಕೂತವರಿಗೆ ಊರಿನ ಹೊಟ್ಟೆ ಕಾಣುತ್ತದೆ. ಮಂಜವ್ವ ಗಂಡನ ಜೊತೆಗೆ ಕೈಹಚ್ಚಲು ಬಂದ ದಿನಗಳಲ್ಲಿ ಓಣಿಯ ತುಂಬ ಜೋಳದ ವಾಸನೆ. ಜೋಳದ ಹಿಟ್ಟನ್ನು ಬಹಳ ದಿನ ಇಟ್ಟರೆ ಜಿಗಿ ಹೋಗುತ್ತದೆ, ರೊಟ್ಟಿ ತಟ್ಟಿದರೆ ಬಿರಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ಗಿರಣಿಗೆ ಬರದೆ ಯಾವ ಮನೆಯೂ ನಡೆಯುತ್ತಿರಲಿಲ್ಲ. ಹೆಂಗಸರು ಡಬ್ಬಿಯ ಜೊತೆ ಸುದ್ದಿಯನ್ನೂ ಹೊತ್ತು ತರುತ್ತಿದ್ದರು. ಯಾರ ಮಗಳನ್ನು ನೋಡಲು ಬಂದರು, ಯಾರ ಎಮ್ಮೆ ಕರು ಹಾಕಿತು, ಎಲ್ಲವೂ ಈ ಕಟ್ಟೆಯ ಮೇಲೇ.

ಆಮೇಲೆ ಒಂದೊಂದೇ ಬದಲಾಯಿತು. ಸುತ್ತಲಿನ ಹೊಲಗಳಲ್ಲಿ ಜೋಳ ಹೋಗಿ ಗೋವಿನಜೋಳ ಬಂತು. ಅದು ಲಾರಿ ಹತ್ತಿ ಕೋಳಿಗಳ ಹೊಟ್ಟೆಗೆ ಹೋಗುತ್ತದೆ. ಬೆಳೆಯುತ್ತಿದ್ದವರೇ ಜೋಳವನ್ನು ಅಂಗಡಿಯಲ್ಲಿ ಕೊಳ್ಳುವಂತಾಯಿತು. ರೇಶನ್ ಅಂಗಡಿಯಲ್ಲಿ ಅಕ್ಕಿ ಸಿಕ್ಕತೊಡಗಿತು. ಹಬ್ಬದ ಅನ್ನ ದಿನದ ಅನ್ನವಾಯಿತು. ಕೆಲವರು ಜೋಳಕ್ಕೆ ಅದೇ ಅಕ್ಕಿ ಬೆರೆಸಿ ಬೀಸಿಸತೊಡಗಿದರು. ರೊಟ್ಟಿ ಬೆಳ್ಳಗೆ ಬರುತ್ತದೆ, ಬೀಗರ ಮುಂದೆ ಮರ್ಯಾದೆ ಎಂದು. ಈಗ ರೊಟ್ಟಿಯೇ ಖಾನಾವಳಿಯಿಂದ ಎಣಿಸಿ ತರುವಂಥದ್ದಾಗಿದೆ, ಹಿಟ್ಟು ಪಾಕೀಟಿನಲ್ಲಿ ಬರುತ್ತದೆ.

ಹೆಂಗಸರು ಸೋಮಾರಿಗಳಾದರು ಎಂದು ಯಾರಾದರೂ ಅಂದರೆ ಮಂಜವ್ವ ಬಿಡುವುದಿಲ್ಲ.

“ನಸುಕಿನ್ಯಾಗ ಟೆಂಪೋ ಬಂದು ಹಾರ್ನ್ ಹೊಡೀತೈತ್ರಿ, ಕೂಲಿಗೆ ಹೋಗವ್ರಿಗೆ. ಒಲಿ ಮುಂದ ಕುಂತು ರೊಟ್ಟಿ ಬಡೀತೇನಿ ಅಂದ್ರ ಟೆಂಪೋ ನಿಲ್ತೈತೇನು? ಕುಕ್ಕರ್ ಇಟ್ರ ಎಲ್ಡು ಸೀಟಿ, ಅನ್ನ ಆತು. ರೊಟ್ಟಿ ಬಡಿಯೋ ಕೈ ಈಗ ಬ್ಯಾರೆ ಕಡೆ ದುಡಿಯಾಕತ್ತಾವ. ಅದರಾಗ ತಪ್ಪೇನೈತಿ?”

ಜೋಳದ ಡಬ್ಬಿ ಕಡಿಮೆಯಾದ ಮೇಲೆ ಗಿರಣಿಗೆ ಬಂದದ್ದು ಹೊಸದೊಂದು ಹೆಸರು: ಸಕ್ರಿ ಹಿಟ್ಟು. ಸಕ್ಕರೆ ಕಾಯಿಲೆಯವರಿಗೆಂದು ನವಣೆ, ಸಾವೆ, ರಾಗಿ, ಜೋಳ, ಮೆಂತೆ ಕೂಡಿಸಿ ಬೀಸುವ ಹಿಟ್ಟು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಅದು ಇಡೀ ಪೇಟೆಗೆ ಅಂಟಿಕೊಂಡಿತು. ಹಿಂದಿನ ಓಣಿಯ ಫಕ್ಕೀರವ್ವ ಒಮ್ಮೆ ಮಗ ಬೀಸಿಸಿ ತಂದಿಟ್ಟ ಡಬ್ಬಿಯ ಹೆಸರು ಕೇಳಿ, ಸಿಹಿ ಹಿಟ್ಟೇ ಇರಬೇಕೆಂದು ತುಪ್ಪ ಹಾಕಿ ಹುರಿದು ಮೊಮ್ಮಕ್ಕಳಿಗೆ ಉಂಡಿ ಕಟ್ಟಿದರು. ಬೆಲ್ಲ ಹಾಕಿರಲಿಲ್ಲ, ಸಕ್ರಿ ಅದರಲ್ಲೇ ಇದೆಯಲ್ಲ ಎಂದು. ಕಚ್ಚಿದ ಮಕ್ಕಳ ಮುಖ ಹುಳ್ಳಗಾಯಿತು. ಫಕ್ಕೀರವ್ವ ಉಂಡಿಯ ಡಬ್ಬಿ ಹಿಡಿದು ನೇರ ಗಿರಣಿಗೆ ಜಗಳಕ್ಕೆ ಬಂದು, ಮೆಂತೆಯ ಕಹಿಯ ಕಾರಣ ಕೇಳಿ, ಆ ಉಂಡಿಗಳನ್ನು ತಾವೇ ಒಂದೊಂದಾಗಿ ತಿಂದು ಮುಗಿಸಿದರು. ತುಪ್ಪ ಹಾಳಾಗಬಾರದಲ್ಲ.

ಯಾವ ನವಣೆಯನ್ನು ಊಟಕ್ಕೆ ಕಟ್ಟಿಕೊಂಡು ಹೋದದ್ದಕ್ಕೆ ನಾಚಿ ಶಾಲೆಯಲ್ಲಿ ಮಂಜವ್ವ ಡಬ್ಬಿಗೆ ಕೈ ಅಡ್ಡ ಹಿಡಿದು ಉಣ್ಣುತ್ತಿದ್ದರೋ ಅದೇ ನವಣೆ ಈಗ ಬಣ್ಣದ ಪಾಕೀಟಿನಲ್ಲಿ ಬರುತ್ತದೆ, ಅಕ್ಕಿಗಿಂತ ತುಟ್ಟಿ. ಕೂಲಿಯವರು ಅಕ್ಕಿ ಉಣ್ಣುತ್ತಾರೆ, ಸಾಹುಕಾರರು ನವಣೆ ಹುಡುಕುತ್ತಾರೆ. ಕಾಯಿಲೆಗೆ ಮಾತ್ರ ಭೇದವಿಲ್ಲ, ಇಬ್ಬರ ಮನೆಗೂ ಹೋಗಿದೆ.

ಗುತ್ತೆಪ್ಪನವರ ಕಾಲಿಗೆ ಗಿರಣಿಯ ಮೊಳೆ ಚುಚ್ಚಿದ್ದು ಕಳೆದ ಬೇಸಗೆಯಲ್ಲಿ. ಸಣ್ಣ ಗಾಯ. ವಾರವಾದರೂ ಮಾಯಲಿಲ್ಲ, ತಿಂಗಳಾದರೂ ಮಾಯಲಿಲ್ಲ. ಮಗಳು ಸಮತಾ ರಕ್ತ ಪರೀಕ್ಷೆಯ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾಳೆ. ಅಪ್ಪನ ಬೆರಳು ಚುಚ್ಚಿ ನೋಡಿದವಳೇ ಮಾತಾಡದೆ ದವಾಖಾನೆಗೆ ಕರೆದೊಯ್ದಳು. ಕಾಲಿನ ಒಂದು ಬೆರಳು ತೆಗೆಯಬೇಕಾಯಿತು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಮೂರು ಹೊತ್ತೂ ಅನ್ನ ಉಣ್ಣುವುದನ್ನು ಬಿಡಬೇಕು, ಇಲ್ಲವಾದರೆ ಉಳಿದ ಪಾದಕ್ಕೂ ಭರವಸೆ ಇಲ್ಲ ಎಂದರು. ಜೋಳ, ನವಣೆ ಉಣ್ಣಲಿ ಎಂದರು.

ಗುಳಿಗೆಯನ್ನು ಗುತ್ತೆಪ್ಪ ತಪ್ಪದೆ ನುಂಗಿದರು. ನವಣೆಗೆ ಮಾತ್ರ ಒಲ್ಲೆನೆಂದು ತಲೆಯಲ್ಲಾಡಿಸಿದರು.

“ನವಣಿ ಅಂದ್ರ ನನಗ ಅದು ಕಾಳಲ್ರಿ,” ಎನ್ನುತ್ತಾರೆ ಅವರು, ಮೆಲ್ಲಗೆ. “ನಮ್ಮಪ್ಪ ಸಾವ್ಕಾರ್ರ ಹಿತ್ತಲ ಬಾಗಲದಾಗ ಟವೆಲ್ ಚಾಚಿ ನಿಂತಿದ್ದು. ಮ್ಯಾಲಿಂದ ಸುರಿಯೋರು. ಅರ್ಧ ನೆಲಕ್ಕ ಬೀಳ್ತಿತ್ತು, ಅಪ್ಪ ಕುಂತು ಆರಸ್ಕೋತಿದ್ದ. ಅದನ್ನ ಹೆಂಗ ಉಣ್ಣಲಿ ನಾ?”

ಮಂಜವ್ವ ಉಪಾಯ ಮಾಡಿದರು. ಜೋಳದ ಹಿಟ್ಟಿನಲ್ಲಿ ಗುಟ್ಟಾಗಿ ನವಣೆ ಬೆರೆಸಿ ರೊಟ್ಟಿ ಬಡಿದರು. ಗುತ್ತೆಪ್ಪನವರಿಗೆ ಮೊದಲ ತುತ್ತಿಗೇ ತಿಳಿಯಿತು. ಬೈಯಲಿಲ್ಲ, ಗಂಗಾಳ ತಳ್ಳಲೂ ಇಲ್ಲ. ಎದ್ದು ಕುಂಟುತ್ತ ಹೋಗಿ ತಾವೇ ಅನ್ನ ಬಡಿಸಿಕೊಂಡು, ಮಜ್ಜಿಗೆ ಸುರಿದು ಉಂಡರು. ಅವತ್ತು ಮಂಜವ್ವ ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳದಂತೆ ಅತ್ತರಂತೆ.

“ಊರಿಗೆಲ್ಲಾ ಸಕ್ರಿ ಹಿಟ್ಟು ಬೀಸಿ ಕೊಡೋ ಕೈ ಇದು. ಮನ್ಯಾಗ ಒಂದು ರೊಟ್ಟಿ ತಿನಿಸಾಕ ಆಗಲಿಲ್ಲ. ಮಗಳು ದಿನಾ ಪಟ್ಟಿ ಬಿಚ್ಚಿ ನೋಡ್ತಿದ್ಲು. ಅಕಿ ಮಾರಿ ನೋಡಿದ್ರ ನನಗ ಗೊತ್ತಾಗತಿತ್ತು, ಕಾಲು ಹೆಂಗೈತಿ ಅಂತ.”

ಶ್ರಾವಣದ ಒಂದು ಬೆಳಿಗ್ಗೆ ಗಿರಣಿಯ ಮುಂದೆ ಆಟೋ ನಿಂತಿತು. ಕೋಲೂರಿಕೊಂಡು ಇಳಿದವರು ಕರಬಸಪ್ಪನವರು. ತಡಸ ಬಿಟ್ಟು ಶಿಗ್ಗಾಂವದಲ್ಲಿ ಕಾಳಿನ ವ್ಯಾಪಾರ ಹಿಡಿದು ಬಹಳ ಕಾಲವಾಗಿದೆ, ಈಗ ವಯಸ್ಸಾಗಿ ಮನೆಯಲ್ಲೇ ಇರುತ್ತಾರೆ. ಅವರ ಮನೆಯ ಸಕ್ರಿ ಹಿಟ್ಟಿನ ಡಬ್ಬಿಯನ್ನು ಯಾವಾಗಲೂ ಸೊಸೆ ನೀಲಾಂಬಿಕಾ ತರುತ್ತಾರೆ. ಅವತ್ತು ಅವರಿಗೆ ಜ್ವರ. ಡಬ್ಬಿಯಲ್ಲಿ ನವಣೆಯೇ ಹೆಚ್ಚು.

“ಮಂಜವ್ವ, ನಂದೊಂದು ಮೊದಲು ಮಾಡಿ ಕಳಿಸಿಬಿಡವ್ವ. ಕುಂದ್ರಾಕ ಆಗಂಗಿಲ್ಲ ನನಗ,” ಎಂದರು.

“ಸರದಿ ಐತ್ರಿ ಅಜ್ಜಾರ. ಭಾಳ ಇಲ್ಲ, ಕುಂದರ್ರಿ,” ಎಂದರು ಮಂಜವ್ವ. ಗಿರಣಿಯ ಕಟ್ಟಳೆ ಅದು, ಬೇರೆ ಏನೂ ಅವರ ಮನಸ್ಸಿನಲ್ಲಿರಲಿಲ್ಲ.

ಕರಬಸಪ್ಪನವರು ಕೂತರು. ಉಳಿದಿದ್ದ ಜಾಗ ಗುತ್ತೆಪ್ಪನವರ ಸ್ಟೂಲಿನ ಪಕ್ಕದ ಬೆಂಚು ಮಾತ್ರ. ಪಟ್ಟಿ ಸುತ್ತಿದ ಕಾಲು ನೋಡಿ, ತಮ್ಮ ಧೋತರವನ್ನು ತುಸು ಮೇಲೆತ್ತಿ ಊದಿದ ಪಾದ ತೋರಿಸಿದರು.

“ನಿಂಗೂ ಸಕ್ರೀನ ಏನೋ ಗುತ್ತೆಪ್ಪ?”

“ಹೌದ್ರಿ.”

“ನವಣಿ ಉಣ್ಣು. ನಿಮ್ಮಪ್ಪಗ ಕೂಲಿ ಕೊಡ್ತಿದ್ವೆಲ್ಲಾ, ಅದ ನವಣಿ ಈಗ ನನಗ ಔಷಧ ಆಗೇತಿ. ಮುಂಜಾನೆ ಸಂಜೀಕ ಅದ. ಅನ್ನದ ವಾಸನಿ ಬಂದ್ರ ಬಾಯಾಗ ನೀರು ಬರ್ತಾವ, ಸೊಸಿ ಕೊಡಂಗಿಲ್ಲ.”

ಗುತ್ತೆಪ್ಪ ಸಾಲಿನಲ್ಲಿದ್ದ ಡಬ್ಬಿಗಳು ಒಂದೊಂದಾಗಿ ಮುಗಿಯುವುದನ್ನು, ಸಾಹುಕಾರರು ಕೋಲಿನ ಮೇಲೆ ಗದ್ದವೂರಿ ಕಾಯುವುದನ್ನು ನೋಡುತ್ತ ಕೂತರು. ಕೊನೆಗೆ ಅವರ ಡಬ್ಬಿಯೂ ಆಯಿತು. ಬಿಸಿ ಹಿಟ್ಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವರು ಆಟೋ ಹತ್ತಿದರು.

ಎಂದಿನಂತೆ ಎಲ್ಲರದೂ ಮುಗಿದ ಮೇಲೆ ಮಂಜವ್ವ ತಮ್ಮ ಮನೆಯ ಜೋಳದ ಡಬ್ಬಿ ಎತ್ತಿದರು. ಇಷ್ಟು ವರ್ಷವೂ ಅವರು ಹೀಗೇ ಮಾಡಿದ್ದು. ಗಿರಣಿ ನಡೆಸುವವರಿಗೆ ಅದೇ ರೀತಿ. ಅದಕ್ಕಿಂತ ಹೆಚ್ಚಾಗಿ ಕೊನೆಯ ಸರದಿಯ ರುಚಿ ಅವರಿಗೆ ಬೇಕು. ಡಬ್ಬಿ ಇನ್ನೂ ಗಿರಣಿಯ ಬಾಯಿಗೆ ಬಗ್ಗಿರಲಿಲ್ಲ, ಹಿಂದಿನಿಂದ ಗುತ್ತೆಪ್ಪನವರ ದನಿ ಬಂತು.

“ಇವತ್ತೂ ಅವ್ರ ಹಿಂದನ ಏನು ನಮ್ಮದು?”

ಮಂಜವ್ವ ಸ್ವಿಚ್ಚು ಆರಿಸಿದರು. ಕಲ್ಲು ತಿರುಗುತ್ತ ತಿರುಗುತ್ತ ನಿಂತಿತು.

“ನನಗ ಅದು ಹೊಳದೇ ಇರಲಿಲ್ಲ ನೋಡ್ರಿ,” ಎಂದು ನೆನೆಯುತ್ತಾರೆ ಅವರು. “ರುಚಿ ರುಚಿ ಅಂತ ನಾ ದಿನಾ ನಮ್ಮ ಡಬ್ಬಿ ಹಿಂದ ಇಡ್ತಿದ್ನಿ. ಇವ್ರಿಗೆ ಅದು ಹೆಂಗ ಕಾಣತಿತ್ತೋ ಏನೋ, ಒಂದ ದಿನಾನೂ ಕೇಳಲಿಲ್ಲ. ಒಂದ ಮನ್ಯಾಗಿದ್ದು ಗೊತ್ತಾಗಲಿಲ್ಲ ನನಗ.”

ಆಮೇಲೆ ಗುತ್ತೆಪ್ಪ ಹೇಳಿದರಂತೆ:

“ಉಣ್ತೇನಿ ನವಣಿ. ಆದ್ರ ಯಾರ ಕೈಯಿಂದಾನೂ ಸುರಿಸ್ಕೊಂಡದ್ದಲ್ಲ, ನಾವ ಅಂಗಡ್ಯಾಗ ಆರಿಸಿ ತಂದದ್ದು. ಮತ್ತ ನಮ್ಮದು ಮೊದಲ ಬೀಸು. ಒರಸಿದ ಕಲ್ಲಿನ್ಯಾಗ. ಎಲ್ಲಾರಕಿಂತ ಮೊದಲ.”

ಮುಂದಿನ ಸಂತೆಗೆ ಗಂಡ ಹೆಂಡತಿ ಒಟ್ಟಿಗೆ ಹೋದರು. ಗುತ್ತೆಪ್ಪ ನವಣೆಯನ್ನು ಬೊಗಸೆಯಲ್ಲಿ ತೆಗೆದು, ಊದಿ, ತಿರುಗಾಮುರುಗಾ ನೋಡಿ, ಎರಡು ಅಂಗಡಿ ಬಿಟ್ಟು ಮೂರನೆಯದರಲ್ಲಿ ಕೊಂಡರು. ಬಂದವರದು ಬಂದಂತೆ ಎಂಬ ಕಟ್ಟಳೆ ಮುರಿಯುತ್ತದಲ್ಲ ಎಂದು ಮಂಜವ್ವನಿಗೆ ಅಳುಕಿತ್ತು. ಸವಣೂರಿಗೆ ಫೋನು ಮಾಡಿ ಮುಮ್ತಾಜಬೇಗಂ ಅವರನ್ನು ಕೇಳಿದರು. ಅವರು ಎಲ್ಲ ಕೇಳಿಸಿಕೊಂಡು, “ಬಾಗಲಾ ತೆಗಿಯೋರು ನೀವ. ಅಂದಮ್ಯಾಲೆ ಮೊದಲು ಬಂದವ್ರೂ ನೀವ ಅಲ್ಲೇನವ್ವ?” ಎಂದರು. ಇಷ್ಟು ಸರಳ ಮಾತು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ.

ಈಗ ದೀಪಾವಳಿ ಮುಗಿದಿದೆ. ಗುತ್ತೆಪ್ಪನವರ ಗಂಗಾಳದಲ್ಲಿ ಮಧ್ಯಾಹ್ನ ನವಣೆ ಜೋಳದ ರೊಟ್ಟಿ, ಪುಂಡಿಪಲ್ಯ, ರಾತ್ರಿ ನವಣೆಯ ನುಚ್ಚು, ಮಜ್ಜಿಗೆ. ರವಿವಾರ ಒಂದು ಮುಷ್ಟಿ ಅನ್ನ. ಅದಕ್ಕೆ ಸಮತಾ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಗಾಯದ ಅಂಚು ಒಣಗುತ್ತ ಬಂದಿದೆ ಎನ್ನುತ್ತಾಳೆ, ಪೂರ್ತಿ ಮಾಯುವವರೆಗೂ ನಂಬುವುದಿಲ್ಲ ಎಂದೂ ಸೇರಿಸುತ್ತಾಳೆ. ಪಟ್ಟಿ ಬಿಚ್ಚುವಾಗಿನ ಮಗಳ ಮುಖವನ್ನು ಮಂಜವ್ವ ಈಗಲೂ ಓರೆಗಣ್ಣಿನಲ್ಲಿ ನೋಡುತ್ತಾರೆ. ಇತ್ತೀಚೆಗೆ ಆ ಮುಖ ಹಗುರಾಗಿದೆ.

ಹಳೆಯ ರುಚಿಯ ನೆನಪಾಗುವುದಿಲ್ಲವೇ ಎಂದು ಕೇಳಿದರೆ ಅವರು ಹಿಟ್ಟಿನ ಕೈ ಒರೆಸಿಕೊಳ್ಳುತ್ತಾರೆ.

“ಸುಳ್ಳು ಯಾಕ ಹೇಳಲಿ, ಆಗತೈತ್ರಿ. ಮೊದಲ ಸರದಿ ಹಿಟ್ಟು ಸ್ವಚ್ಛ ಇರ್ತೈತಿ. ಆದ್ರ ರುಚಿ ಒಂಟಿ. ಯಾರ ಮನಿ ಹಬ್ಬಾನೂ ಅದರಾಗ ಇರಂಗಿಲ್ಲ. ನಮ್ಮವ್ವ ಬಡದ ರೊಟ್ಟಿ ಇನ್ನೊಮ್ಮೆ ತಿನ್ನಬೇಕು ಅನಸ್ತೈತಿ, ಬೇವಿನ ಗಿಡದ ಬುಡಕ್ಕ ಇನ್ನೊಮ್ಮೆ ಕುಂದ್ರಬೇಕು ಅಂತ ಅನಸಂಗಿಲ್ಲ. ಎರಡೂ ಕೂಡೇ ಬರ್ತಿದ್ವು. ಹಂಗಾಗಿ ಎರಡೂ ಹೋಗ್ಲಿ ಬಿಡ್ರಿ.”

ಬೆಳಕು ಹರಿದಿದೆ. ಕಲ್ಲಿನ ಕೆಳಗೆ ಕಟ್ಟಿದ ಬಟ್ಟೆಯ ತೋಳಿನಿಂದ ನವಣೆಯ ಹಿಟ್ಟು ಮೆಲ್ಲಗೆ ಇಳಿದು ಸಣ್ಣ ಡಬ್ಬಿ ತುಂಬುತ್ತದೆ. ಮಂಜವ್ವ ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ ಯಜಮಾನರ ಕಡೆಗೆ ಚಾಚುತ್ತಾರೆ. ಗುತ್ತೆಪ್ಪ ಮೂಸಿ ನೋಡಿ, ಸರಿ ಎಂದು ತಲೆಯಾಡಿಸಿ, ಡಬ್ಬಿಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡು ಮುಚ್ಚಳ ಹಾಕುತ್ತಾರೆ. ಕಟ್ಟೆಯ ಮೇಲೆ ಶಾಲು ಹೊದ್ದು ಕೂತ ಹೆಂಗಸರು ಏಳುತ್ತಾರೆ. ಬೆಲ್ಟಿನ ಸದ್ದನ್ನು ಮೀರಿ ಮಂಜವ್ವ ಕೂಗುತ್ತಾರೆ:

“ನಮ್ಮದು ಆತ್ರಿ. ಇನ್ನ ನಿಮ್ಮದು ತರ್ರಿ.”